ಬೀಟೆಯ ಪುಡಿ ಬಿಳಿ ಮರಕ್ಕೆ ಇಳಿಯದ ಹಾಗೆ: ಎರಡು ಬಣ್ಣದ ಮರ ಕೂಡಿಸುವವರಿಗೆ ಸಮಗ್ರ ಮಾರ್ಗದರ್ಶಿ

ಹಳೆ ಮಂಚದ ಮುರಿದ ಕಾಲೊಂದು ನಮ್ಮ ಮನೆಯ ಅಟ್ಟದಲ್ಲಿ ವರ್ಷಗಟ್ಟಲೆ ಬಿದ್ದಿತ್ತು. ಒಳ್ಳೆ ಬೀಟೆ. ಅದನ್ನು ಸೀಳಿ, ನಡುನಡುವೆ ರಬ್ಬರ್ ಮರದ ಪಟ್ಟಿ ಇಟ್ಟು, ಕಾಫಿ ಲೋಟ ಇಡುವ ಟ್ರೇ ಮಾಡಿದೆ. ಅಂಟು ಚೆನ್ನಾಗಿ ಕೂತಿತ್ತು. ಸಂದು ಕಾಣುತ್ತಲೇ ಇರಲಿಲ್ಲ. ಮೆಷಿನ್ ಹಿಡಿದು ಉಜ್ಜಿದೆ. ಪುಡಿ ಹೋಗಲಿ ಅಂತ ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಆಮೇಲೆ ಸ್ಪಿರಿಟ್‌ನಲ್ಲಿ ಕರಗಿಸಿದ ಅರಗಿನ ಪಾಲಿಶ್ ಹಚ್ಚಿದೆ. ಬಿಳಿ ಪಟ್ಟಿಗಳೆಲ್ಲ ಬೀಟ್‌ರೂಟ್ ಪಲ್ಯ ತಿಂದ ಮಗುವಿನ ಬಾಯಿ ಥರ ಆದವು.

ಪಕ್ಕದ ಬೀದಿಯ ಆಚಾರ್ರಿಗೆ ತೋರಿಸಿದೆ. ಬೆರಳಲ್ಲಿ ಸವರಿ ನೋಡಿದರು. "ಉಜ್ಜಿದ್ದು ತಪ್ಪಲ್ಲ ಸ್ವಾಮಿ, ಒದ್ದೆ ಮಾಡಿದ್ದು ತಪ್ಪು" ಅಂದರು. ಆ ಒಂದು ಮಾತು ಅರ್ಥ ಆಗೋಕೆ ನನಗೆ ಇನ್ನೂ ಎರಡು ಟ್ರೇ ಹಾಳಾಗಬೇಕಾಯಿತು. ನಿಮಗೆ ಹಾಗಾಗದಿರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಕಲೆ ಆಗುವುದು ಹೇಗೆ

ಇಲ್ಲಿ ಎರಡು ಬೇರೆ ಬೇರೆ ತೊಂದರೆ ಇವೆ. ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ.

ಮೊದಲನೆಯದು ಒಣ ಪುಡಿ. ಮರದ ಮೈಯಲ್ಲಿ ಸಣ್ಣ ಸಣ್ಣ ತೂತುಗಳಿರುತ್ತವೆ. ಮರ ಬದುಕಿದ್ದಾಗ ನೀರು ಏರಿದ ಕೊಳವೆಗಳು ಅವು. ರಬ್ಬರ್ ಮರದಲ್ಲಿ ಅವು ಬರಿಗಣ್ಣಿಗೇ ಕಾಣುತ್ತವೆ, ಸಣ್ಣ ಗೆರೆಗಳ ಹಾಗೆ. ಕಪ್ಪು ಮರವನ್ನು ಉಜ್ಜಿದಾಗ ಏಳುವ ನುಣ್ಣನೆ ಪುಡಿ ಹೋಗಿ ಈ ಗೆರೆಗಳಲ್ಲಿ ಕೂರುತ್ತದೆ. ಬಿಳಿ ಮರ ಮಸುಕಾಗಿ, ಕೊಳೆ ಹಿಡಿದ ಹಾಗೆ ಕಾಣುತ್ತದೆ. ಆದರೆ ಇದು ಇನ್ನೂ ಪುಡಿಯೇ. ಊದಿದರೆ, ಎಳೆದರೆ ಹೋಗುತ್ತದೆ.

ಎರಡನೆಯದು ಬಣ್ಣ ಬಿಡುವುದು. ಬೀಟೆ, ರಕ್ತಚಂದನ, ಹೊನ್ನೆಯಂಥ ಮರಗಳ ಬಣ್ಣ ಅವುಗಳ ತಿರುಳಿನಲ್ಲಿರುವ ರಾಳದಂಥ ವಸ್ತುಗಳಿಂದ ಬರುತ್ತದೆ. ಸ್ಪಿರಿಟ್ ಅಥವಾ ತಿನ್ನರ್ ತಾಗಿದರೆ ಅದು ಕರಗುತ್ತದೆ. ಆಗ ಗೆರೆಗಳಲ್ಲಿ ಕೂತ ಪುಡಿಯ ಒಂದೊಂದು ಕಣವೂ ಚಹಾ ಪುಡಿಯ ಹಾಗೆ ಬಣ್ಣ ಬಿಡುತ್ತದೆ. ಆ ಬಣ್ಣ ಮರದ ಎಳೆಗೇ ಇಳಿದ ಮೇಲೆ ಯಾವ ಬ್ಲೋವರ್ ಕೂಡ ಅದನ್ನು ತೆಗೆಯಲಾರದು.

ಹಾಗಾಗಿ ಇಡೀ ಕೆಲಸದ ಲೆಕ್ಕ ಇಷ್ಟೇ: ಜೋಡಿಸಿದ ಮೇಲೆ ಉಜ್ಜುವುದನ್ನು ಕಡಿಮೆ ಮಾಡಬೇಕು. ಕಪ್ಪು ಪುಡಿ ಏಳುವ ಮೊದಲೇ ಬಿಳಿ ಮರದ ಬಾಯಿ ಮುಚ್ಚಬೇಕು. ಪುಡಿ ಪೂರ್ತಿ ಹೋಗುವ ತನಕ ಯಾವ ದ್ರವವನ್ನೂ ಹತ್ತಿರ ಬಿಡಬಾರದು.

ಮರ ಆರಿಸುವಾಗಲೇ ಅರ್ಧ ಕೆಲಸ

ನನ್ನ ಮೊದಲ ತಪ್ಪು ರಬ್ಬರ್ ಮರ ಆರಿಸಿದ್ದು. ಅಗ್ಗ, ಎಲ್ಲ ಕಡೆ ಸಿಗುತ್ತದೆ, ಸರಿ. ಆದರೆ ಬಾಯಿ ತೆರೆದ ಮರ. ಆ್ಯಶ್ ಅನ್ನುವ ಹೊರದೇಶದ ಮರ ಕೂಡ ಹಾಗೇ. ಚನ್ನಪಟ್ಟಣದ ಬೊಂಬೆ ಮಾಡುವ ಹಾಲೆ ಮರ ಸಿಕ್ಕರೆ ನೋಡಿ. ದಂತದ ಬಣ್ಣ, ಎಳೆ ತುಂಬ ನಯ, ತೂತುಗಳು ಕಣ್ಣಿಗೆ ಕಾಣದಷ್ಟು ಸಣ್ಣವು. ದೊಡ್ಡ ಹಲಗೆಯಾಗಿ ಸಿಗುವುದು ಕಷ್ಟ, ಆದರೆ ಪಟ್ಟಿಗೆ ಸಾಕು. ಹೊರದೇಶದಿಂದ ಬರುವ ಮೇಪಲ್ ಕೂಡ ಇದೇ ಜಾತಿಯ ನಯ, ಬೆಲೆ ಮಾತ್ರ ಜಾಸ್ತಿ.

ದಂತ ಅಂದಾಗ ನೆನಪಾಯಿತು. ಮೈಸೂರು ಅರಮನೆಯ ಅಂಬಾವಿಲಾಸದ ಬೀಟೆ ಬಾಗಿಲಲ್ಲಿ ದಂತ ಕೂರಿಸಿದ್ದಾರೆ. ದಂತಕ್ಕೆ ಮರದ ಹಾಗೆ ತೆರೆದ ಗೆರೆಗಳಿಲ್ಲ, ಪುಡಿ ನಿಲ್ಲುವ ಜಾಗವೇ ಕಡಿಮೆ. ಈಗ ದಂತದ ವ್ಯಾಪಾರಕ್ಕೆ ನಿಷೇಧವಿದೆ, ಇರಲೂ ಬೇಕು. ಆ ಜಾಗಕ್ಕೆ ಬಿಳಿ ಮರ ಬಂದಾಗ, ಅದರ ಜೊತೆ ಈ ಪುಡಿಯ ತಲೆನೋವೂ ಬರುತ್ತದೆ.

ಬೀಟೆ ವಿಷಯದಲ್ಲಿ ಒಂದು ಎಚ್ಚರಿಕೆ. 2017ರ ಜನವರಿಯಿಂದ ಇಡೀ ಡಾಲ್ಬರ್ಜಿಯಾ ಕುಲದ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಸೈಟಿಸ್, ಅಂದರೆ ಅಳಿವಿನ ಭಯವಿರುವ ಪ್ರಾಣಿ-ಸಸ್ಯಗಳ ವ್ಯಾಪಾರದ ಒಪ್ಪಂದದ ನಿಯಂತ್ರಣ ಬಂದಿದೆ. ಬೀಟೆಯೂ ಅದರಲ್ಲಿ ಸೇರಿದೆ. ಇಲ್ಲೇ ಕೊಂಡರೂ ಬಿಲ್ಲು, ಕಾಗದ ಸರಿಯಾಗಿ ಇಟ್ಟುಕೊಳ್ಳಿ. ಹಳೆ ಮಂಚ, ಹಳೆ ಕುರ್ಚಿ ಸಿಕ್ಕರೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ.

ಹತ್ತಿ ಪರೀಕ್ಷೆ

ಅಂಟು ಮುಟ್ಟುವ ಮೊದಲು ಇದನ್ನು ಮಾಡಿ. ಐದು ನಿಮಿಷದ ಕೆಲಸ. ಕಪ್ಪು ಮರದ ಒಂದು ತುಂಡನ್ನು ಉಜ್ಜಿ ಹೊಸ ಮೈ ತೆಗೆಯಿರಿ. ನಾಲ್ಕು ಹತ್ತಿ ಉಂಡೆ ತೆಗೆದುಕೊಂಡು ಒಂದಕ್ಕೆ ನೀರು, ಒಂದಕ್ಕೆ ಸ್ಪಿರಿಟ್, ಒಂದಕ್ಕೆ ತಿನ್ನರ್, ಇನ್ನೊಂದಕ್ಕೆ ಟರ್ಪೆಂಟೈನ್ ಹಾಕಿ. ಒಂದೊಂದನ್ನೂ ಬೇರೆ ಬೇರೆ ಜಾಗದಲ್ಲಿ ಹತ್ತು ಸಲ ಉಜ್ಜಿ. ಹತ್ತಿಯ ಬಣ್ಣ ನೋಡಿ.

ನನ್ನ ಬೀಟೆ ತುಂಡಿನಲ್ಲಿ ಸ್ಪಿರಿಟ್ ಹಾಕಿದ ಹತ್ತಿ ನೇರಳೆ ಕಂದು ಆಯಿತು. ತಿನ್ನರ್ ಅದರ ತಮ್ಮ. ಟರ್ಪೆಂಟೈನ್‌ಗೆ ಸ್ವಲ್ಪ ಬಂತು, ನೀರಿಗೆ ಇನ್ನೂ ಕಡಿಮೆ. ರಕ್ತಚಂದನದ ಕೆಂಪೂ ಹೀಗೇ, ಸ್ಪಿರಿಟ್‌ಗೆ ಕರಗುತ್ತದೆ, ನೀರಿಗೆ ಕರಗುವುದಿಲ್ಲ.

ಹೊನ್ನೆಯ ಕಥೆ ಬೇರೆ. ಸಕ್ಕರೆ ಕಾಯಿಲೆಯವರು ಹೊನ್ನೆ ಮರದ ಲೋಟದಲ್ಲಿ ರಾತ್ರಿ ನೀರಿಟ್ಟು ಬೆಳಿಗ್ಗೆ ಕುಡಿಯುವುದನ್ನು ನೀವು ನೋಡಿರಬಹುದು. ಆ ನೀರು ಕಂದು ಬಣ್ಣಕ್ಕೆ ತಿರುಗಿರುತ್ತದೆ ಅಲ್ವಾ? ಅಂದರೆ ಹೊನ್ನೆ ನೀರಿಗೂ ಬಣ್ಣ ಬಿಡುತ್ತದೆ. ಅದರ ಪಕ್ಕ ಬಿಳಿ ಮರ ಇಟ್ಟು ನೀರಿನ ಪಾಲಿಶ್ ಹಚ್ಚಿದರೆ ಕಥೆ ಮುಗಿಯಿತು. ಹಲಸಿನದೂ ಹಾಗೇ. ಬೌದ್ಧ ಭಿಕ್ಷುಗಳ ಚೀವರಕ್ಕೆ ಬಣ್ಣ ಹಾಕಲು ಹಲಸಿನ ತಿರುಳಿನ ಚೂರುಗಳನ್ನು ಕುದಿಸುವ ರೂಢಿ ಇದೆ. ಹಳದಿ ಅಷ್ಟು ಸಲೀಸಾಗಿ ಬರುತ್ತದೆ.

ಯಾವ ಹತ್ತಿ ಬಿಳಿಯಾಗಿ ಉಳಿಯಿತೋ, ಆ ದ್ರವದ ಪಾಲಿಶ್ ನಿಮ್ಮ ಸ್ನೇಹಿತ. ಬಣ್ಣ ಹತ್ತಿದ್ದನ್ನು ಒಂದು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿ.

ಜೋಡಿಸುವ ಮೊದಲು

ಸಾಮಾನ್ಯವಾಗಿ ನಾವೆಲ್ಲ ಒರಟು ಪಟ್ಟಿಗಳನ್ನೇ ಅಂಟಿಸಿ, ಆಮೇಲೆ ಎಲ್ಲ ಸೇರಿಸಿ ಉಜ್ಜುತ್ತೇವೆ. ಇಲ್ಲಿ ಕ್ರಮ ತಿರುಗಿಸಿ. ಒಂದೊಂದು ಪಟ್ಟಿಯನ್ನೂ ಕೀಸುಳಿ ಹೊಡೆದು, ಮೇಲ್ಮೈಯನ್ನು 180 ನಂಬರ್ ಪೇಪರ್ ತನಕ ಬಿಡಿಬಿಡಿಯಾಗಿಯೇ ಉಜ್ಜಿ ಮುಗಿಸಿ. ಬಿಳಿ ಪಟ್ಟಿಗಳನ್ನು ಮೊದಲು. ಅವನ್ನು ಬೇರೆ ಕಡೆ ಎತ್ತಿಟ್ಟು, ಮೇಜು ಗುಡಿಸಿ, ಆಮೇಲೆ ಕಪ್ಪು ಪಟ್ಟಿ. ಪೇಪರ್ ಕೂಡ ಬೇರೆ ಬೇರೆ. ಹಿಂದೆ "ಬಿ" "ಕ" ಅಂತ ಪೆನ್ನಲ್ಲಿ ಬರೆದಿಡಿ. ಬೀಟೆ ಉಜ್ಜಿದ ಉಪ್ಪು ಕಾಗದದಲ್ಲಿ ಬಿಳಿ ಮರ ಉಜ್ಜುವುದೂ ಒಂದೇ, ಮರಕ್ಕೆ ಕ್ರೇಯಾನ್ ತಿಕ್ಕುವುದೂ ಒಂದೇ.

ಬಿಳಿ ಪಟ್ಟಿ ಬಾಯಿ ತೆರೆದ ಮರವಾದರೆ ಈಗಲೇ ಅದರ ಮೇಲ್ಮೈಗೆ ತೆಳು ಸೀಲರ್, ಅಂದರೆ ತೂತು ಮುಚ್ಚುವ ಕೋಟು ಕೊಡಿ. ನಾನು ಬಳಸುವುದು ಮೇಣ ತೆಗೆದ, ಬಿಳಿ ಮಾಡಿದ ಅರಗಿನ ಚಕ್ಕೆ. 100 ಮಿಲಿ ಸ್ಪಿರಿಟ್‌ಗೆ 10ರಿಂದ 12 ಗ್ರಾಂ. ರಾತ್ರಿ ನೆನೆಸಿಟ್ಟು, ಬೆಳಿಗ್ಗೆ ಕಲಕಿ, ಬನಿಯನ್ ಬಟ್ಟೆಯಲ್ಲಿ ಸೋಸಿ. ಬಣ್ಣ ಬೆರೆಸಿದ ಸ್ಪಿರಿಟ್ ಬೇಡ. ಮಾಮೂಲಿ ಕಂದು ಅರಗು ಬಳಸಿದರೆ ಬಿಳಿ ಮರಕ್ಕೆ ಕಿತ್ತಳೆ ಛಾಯೆ ಬರುತ್ತದೆ, ಅದರಲ್ಲಿರುವ ಮೇಣದ ಮೇಲೆ ಪಿಯು (ಪಾಲಿಯುರೆಥೇನ್) ಪಾಲಿಶ್ ಸರಿಯಾಗಿ ಹಿಡಿಯುವುದೂ ಇಲ್ಲ.

ಒಂದೇ ಒಂದು ನಿಯಮ: ಅಂಟು ಹಚ್ಚುವ ಅಂಚಿಗೆ ಸೀಲರ್ ತಾಗಬಾರದು. ತಾಗಿದರೆ ಅಂಟು ಮರಕ್ಕೆ ಇಳಿಯುವುದಿಲ್ಲ. ಅಂಚಿಗೆ ಮಾಸ್ಕಿಂಗ್ ಟೇಪ್ ಸುತ್ತಿಬಿಡಿ. ಮಳೆಗಾಲದಲ್ಲಿ ಈ ಕೆಲಸ ಮಧ್ಯಾಹ್ನ ಇಟ್ಟುಕೊಳ್ಳಿ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಅರಗು ಒಣಗುವಾಗ ಹಾಲು ಹಾಲಾಗಿ ಬೆಳ್ಳಗಾಗುತ್ತದೆ.

ಅಂಟು

ಬೀಟೆಯಲ್ಲಿ ಎಣ್ಣೆಯಂಥ ಅಂಶ ಇರುವುದರಿಂದ ಅದರ ಅಂಚನ್ನು ಅಸಿಟೋನ್‌ನಲ್ಲಿ ಒರೆಸಿ ಆರಲು ಬಿಟ್ಟು ಅಂಟಿಸುತ್ತಾರೆ. ಒರೆಸಿ, ಆದರೆ ಬಿಳಿ ಪಟ್ಟಿ ಆ ಮೇಜಿನ ಮೇಲೇ ಇರಬಾರದು. ಬಟ್ಟೆಯಲ್ಲಿ ಬರುವ ಬಣ್ಣ ನೋಡಿದರೆ ಯಾಕೆ ಅಂತ ನಿಮಗೇ ಗೊತ್ತಾಗುತ್ತದೆ.

ಕ್ಲಾಂಪ್ ಬಿಗಿದಾಗ ಉಕ್ಕಿ ಬರುವ ಅಂಟನ್ನು ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಅಂಟಿಗೆ ಪುಡಿ ಸೇರಿ ಕೆಸರಾಗಿ, ಬಿಳಿ ಮರದ ಗೆರೆಯೊಳಗೆ ಗಾರೆ ಹಾಕಿದ ಹಾಗೆ ಕೂರುತ್ತದೆ. ಮುಕ್ಕಾಲು ಗಂಟೆ ಬಿಟ್ಟು, ಅದು ರಬ್ಬರ್ ಥರ ಆದಾಗ ಉಳಿಯಲ್ಲಿ ಎಬ್ಬಿಸಿ ತೆಗೆಯಿರಿ. ಜೋಡಿಸುವ ಹೊತ್ತಿಗೆ ಪಟ್ಟಿಗಳ ಮೇಲ್ಮೈ ಒಂದೇ ಮಟ್ಟದಲ್ಲಿ ಕೂರುವ ಹಾಗೆ ಬೆರಳಾಡಿಸಿ ನೋಡಿ. ಇಲ್ಲಿ ಅರ್ಧ ಮಿಲಿಮೀಟರ್ ಉಳಿಸಿದರೆ ಆಮೇಲೆ ಅರ್ಧ ಗಂಟೆಯ ಉಜ್ಜಾಟ ಉಳಿಯುತ್ತದೆ.

ಪೇಪರ್ ಬಿಟ್ಟು ಸ್ಕ್ರೇಪರ್ ಹಿಡಿಯಿರಿ

ನನ್ನನ್ನು ಕೇಳಿದರೆ ಇಡೀ ಮಾರ್ಗದರ್ಶಿಯಲ್ಲಿ ಮುಖ್ಯವಾದ ಭಾಗ ಇದೇ. ಪೇಪರ್ ಮರವನ್ನು ಅರೆಯುತ್ತದೆ, ಪುಡಿ ಮಾಡುತ್ತದೆ. ಸ್ಕ್ರೇಪರ್ ಕೆರೆದು ತೆಳು ಸುರುಳಿ ಎಬ್ಬಿಸುತ್ತದೆ. ಸುರುಳಿ ಯಾವ ಗೆರೆಯೊಳಗೂ ಇಳಿಯುವುದಿಲ್ಲ. ಊದಿದರೆ ಹಾರಿ ಹೋಗುತ್ತದೆ.

ಸ್ಕ್ರೇಪರ್ ಅಂದರೆ ಬೇರೇನೂ ಅಲ್ಲ, ತೆಳು ಉಕ್ಕಿನ ತಗಡು. ಹಳೆ ಕೈಗರಗಸದ ತಗಡನ್ನು ಅಂಗೈ ಅಗಲಕ್ಕೆ ಕತ್ತರಿಸಿಕೊಂಡರೂ ನಡೆಯುತ್ತದೆ. ಅಂಚನ್ನು ಅರದಲ್ಲಿ ನೇರ ಮಾಡಿ. ಸಾಣೆಕಲ್ಲಿನಲ್ಲಿ ಅಂಚು ಮತ್ತು ಎರಡೂ ಮೈ ನುಣುಪು ಮಾಡಿ. ಆಮೇಲೆ ಗಟ್ಟಿ ಉಕ್ಕಿನ ದುಂಡು ಸರಳಿಗೆ ಒಂದು ಹನಿ ಎಣ್ಣೆ ಹಚ್ಚಿ, ಅಂಚಿನ ಮೇಲೆ ಸ್ವಲ್ಪವೇ ಓರೆ ಹಿಡಿದು ಒತ್ತಿ ಎಳೆಯಿರಿ. ನಾಲ್ಕೈದು ಸಲ ಸಾಕು. ಅಂಚಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕೊಕ್ಕೆ ಬರುತ್ತದೆ. ಹೆಬ್ಬೆರಳನ್ನು ಮೈಯಿಂದ ಹೊರಕ್ಕೆ ಸವರಿದರೆ ಅದು ತಡೆದ ಹಾಗೆ ಅನಿಸಬೇಕು. ಅಂಚಿನ ಉದ್ದಕ್ಕೆ ಮಾತ್ರ ಸವರಬೇಡಿ, ಬೆರಳು ಕುಯ್ದೀತು.

ಎರಡೂ ಕೈಯಲ್ಲಿ ಹಿಡಿದು, ಹೆಬ್ಬೆರಳಿನಿಂದ ನಡುವೆ ಒತ್ತಿ ಸ್ವಲ್ಪ ಬಗ್ಗಿಸಿ, ನಿಮ್ಮಿಂದ ಆಚೆಗೆ ಓರೆಯಾಗಿಸಿ ತಳ್ಳಿ. ಸುರುಳಿ ಬಂದರೆ ಸರಿ. ಪುಡಿ ಬಂದರೆ ಕೊಕ್ಕೆ ಹೋಗಿದೆ, ಮತ್ತೆ ಸರಳು ಎಳೆಯಿರಿ. ಹೊಸಬರಿಗೆ ಮೊದಲ ದಿನ ಹೆಬ್ಬೆರಳು ಸುಡುತ್ತದೆ, ತಗಡು ಅಷ್ಟು ಬಿಸಿಯಾಗುತ್ತದೆ. ಹಳೆ ಸೈಕಲ್ ಟ್ಯೂಬಿನ ತುಂಡು ಸುತ್ತಿಕೊಳ್ಳಿ.

ಮೈಸೂರಿನ ಇನ್‌ಲೇ ಥರದ ಕೆಲಸದಲ್ಲಿ ಇದು ಇನ್ನೂ ಮುಖ್ಯ. ಅಲ್ಲಿ ಬೀಟೆ ಹಲಗೆಯನ್ನು ಕೊರೆದು, ಬೇರೆ ಬೇರೆ ಮರದ ಸಣ್ಣ ಚೂರುಗಳನ್ನು ಕೂರಿಸುತ್ತಾರೆ. ಚಿತ್ರದಲ್ಲಿನ ಆನೆಯ ಕಿವಿಯ ಚೂರನ್ನಷ್ಟೇ ಬಿಡಿಯಾಗಿ ಉಜ್ಜಿ ಮುಗಿಸೋಣ ಅಂದರೆ ಆಗುವ ಮಾತಲ್ಲ. ಎಲ್ಲವೂ ಸೇರಿದ ಮೇಲೇ ಮಟ್ಟ ಆಗಬೇಕು. ಸುತ್ತ ಎಲ್ಲ ಕಡೆ ಬೀಟೆ, ನಡುವೆ ಉಗುರಗಲ ಬಿಳಿ ಮರ. ಅಲ್ಲಿ ಮೆಷಿನ್ ಹಚ್ಚಿದರೆ ಬಿಳಿ ಉಳಿಯುವುದು ಅನುಮಾನ.

ಉಜ್ಜಲೇಬೇಕಾದರೆ

ಸ್ಕ್ರೇಪರ್ ಆದ ಮೇಲೂ ಒಂದು ಕೈ ಪೇಪರ್ ಬೇಕಾಗುತ್ತದೆ. ಅದಕ್ಕೆ ಮೊದಲು ಬಿಳಿ ಪಟ್ಟಿಗೆ ಮತ್ತೊಮ್ಮೆ ಸೀಲರ್ ಕೊಡಿ, ಕೆರೆದಾಗ ಹಳೆಯದು ಹೋಗಿರುತ್ತದೆ. ಈಗ ಪಕ್ಕದಲ್ಲೇ ಬೀಟೆ ಇದೆ, ಸೀಲರ್‌ನಲ್ಲಿ ಸ್ಪಿರಿಟ್ ಇದೆ. ಜೋಪಾನ. ಬೀಟೆಯ ಮೇಲೆ ಟೇಪ್ ಹಾಕಿ, ಅದರ ಅಂಚನ್ನು ಉಗುರಿನಿಂದ ಒತ್ತಿ ಕೂರಿಸಿ. ಸಣ್ಣ ಬ್ರಷ್ಷನ್ನು ಹೆಚ್ಚುಕಮ್ಮಿ ಒಣಗಿದ ಹಾಗೆ ಹಿಂಡಿ, ಬಿಳಿ ಪಟ್ಟಿಯ ಉದ್ದಕ್ಕೆ ಎಳೆಯಿರಿ. ಹಿಂದಕ್ಕೂ ಮುಂದಕ್ಕೂ ತಿಕ್ಕಬೇಡಿ. ಒಂದು ಗಂಟೆ ಬಿಟ್ಟು ಇನ್ನೊಂದು ಕೋಟು.

ಸೀಲರ್ ಒಣಗಿದ ಮೇಲೆ 220, ಬೇಕಿದ್ದರೆ 320. ಕೈಯಲ್ಲೇ, ಮರದ ಬ್ಲಾಕಿಗೆ ಪೇಪರ್ ಸುತ್ತಿ, ಪಟ್ಟಿಗಳ ಉದ್ದಕ್ಕೆ ಮಾತ್ರ. ಅಡ್ಡ ಉಜ್ಜಿದರೆ ನೀವೇ ಬೀಟೆಯ ಪುಡಿಯನ್ನು ಬಿಳಿ ಮರಕ್ಕೆ ತಳ್ಳಿಕೊಟ್ಟ ಹಾಗೆ. ಹತ್ತು ಎಳೆತಕ್ಕೊಮ್ಮೆ ಪೇಪರ್ ಕೊಡವಿ. ಪುಡಿ ಮೆತ್ತಿಕೊಂಡು ಹೊಳೆಯುತ್ತಿದ್ದರೆ ಎಸೆಯಿರಿ, ಜಿಪುಣತನ ಬೇಡ. ಗಿರಗಿರ ತಿರುಗುವ ಮೆಷಿನ್ನೇ ಬೇಕು ಅನ್ನುವವರು ವ್ಯಾಕ್ಯೂಮ್ ಜೋಡಿಸದೆ ಸ್ವಿಚ್ ಹಾಕಬೇಡಿ. ತೂತಿರುವ ಜಾಲರಿ ಪೇಪರ್ ಆದರೆ ಪುಡಿ ಏಳುತ್ತಿದ್ದ ಹಾಗೇ ಎಳೆದುಕೊಳ್ಳುತ್ತದೆ.

ಮಾಸ್ಕ್ ಹಾಕಿಕೊಳ್ಳಿ, ಎನ್95. ಬೀಟೆಯ ಪುಡಿ ಕೆಲವರಿಗೆ ಚರ್ಮ ತುರಿಸುವ ಹಾಗೆ ಮಾಡುತ್ತದೆ. ಅದಕ್ಕಿಂತ ದೊಡ್ಡ ವಿಷಯ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮರದ ಪುಡಿಯನ್ನು 1995ರಲ್ಲೇ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ.

ಚದುರಂಗದ ಮಣೆ ಮಾಡುವವರಿಗೆ ಎರಡು ಮಾತು. ಅಡ್ಡ ಕೊಯ್ದ ಮುಖಗಳನ್ನು ಮೇಲೆ ಮಾಡಿ ಜೋಡಿಸಿದ್ದರೆ ಗೆರೆಗಳಲ್ಲ, ಸ್ಟ್ರಾಗಳ ಬಾಯೇ ಮೇಲಕ್ಕಿರುತ್ತದೆ. ಚೌಕಕ್ಕೊಂದು ಟೇಪ್ ಹಾಕಲೂ ಆಗುವುದಿಲ್ಲ. ಅಲ್ಲಿ ಕೆರೆದು ಮಟ್ಟ ಮಾಡಿದ ಕೂಡಲೇ ಇಡೀ ಮಣೆಗೆ ತೆಳುವಾಗಿ ಸೀಲರ್ ಸ್ಪ್ರೇ ಮಾಡಿ, ಒಣಗಿಸಿ, ಆಮೇಲೆ ಉಜ್ಜಿ.

ಪುಡಿ ತೆಗೆಯುವುದು

ಮೊದಲು ವ್ಯಾಕ್ಯೂಮ್, ಮೃದು ಬ್ರಷ್ ಸಿಕ್ಕಿಸಿ, ಎಳೆಯ ಉದ್ದಕ್ಕೆ. ಆಮೇಲೆ ಬ್ಲೋವರ್ ಅಥವಾ ಕಂಪ್ರೆಸರ್, ಓರೆಯಾಗಿ, ಬಿಳಿ ಕಡೆಯಿಂದ ಕಪ್ಪು ಕಡೆಗೆ. ನೇರ ಮೇಲಿನಿಂದ ಹೊಡೆದರೆ ಪುಡಿ ಇನ್ನಷ್ಟು ಒಳಗೆ ಹೋಗುತ್ತದೆ. ಆಮೇಲೆ ಮತ್ತೆ ವ್ಯಾಕ್ಯೂಮ್. ಇಷ್ಟಕ್ಕೂ ಬಗ್ಗದ ಪುಡಿಗೆ ಪ್ಯಾಕಿಂಗ್ ಟೇಪ್ ಒತ್ತಿ ಕಿತ್ತರೆ ಗೆರೆಯೊಳಗಿನದೂ ಅಂಟಿಕೊಂಡು ಬರುತ್ತದೆ. ಅಂಗೈಯಲ್ಲಿ ಸವರುವ ಅಭ್ಯಾಸ ಬಿಡಿ, ಬೆವರೂ ಒಂದು ದ್ರವವೇ. ಟಾರ್ಚನ್ನು ಮೇಲ್ಮೈಗೆ ತಾಗಿಸಿ ಅಡ್ಡ ಬೆಳಕು ಬಿಟ್ಟು ನೋಡಿ. ಬಿಳಿ ಪಟ್ಟಿಯಲ್ಲಿ ಕಪ್ಪು ಚುಕ್ಕಿ ಒಂದೂ ಕಾಣಬಾರದು.

ಉಕ್ಕಿನ ನಾರು ಬಳಸುವವರೂ ಇದ್ದಾರೆ. ಬೇಡ. ಅದರ ಚೂರು ಗೆರೆಯಲ್ಲಿ ಉಳಿದು, ಮೇಲೆ ನೀರಿನ ಪಾಲಿಶ್ ಬಿದ್ದರೆ ತುಕ್ಕು. ಒಗರಿರುವ ಮರವಾದರೆ ಕಬ್ಬಿಣದ ಜೊತೆ ಸೇರಿ ಕಪ್ಪು ಶಾಯಿಯಂಥ ಕಲೆ.

ಮೊದಲ ಕೋಟು

ಬಣ್ಣ ಇಳಿಯುವುದಿದ್ದರೆ ಇಲ್ಲೇ ಇಳಿಯುತ್ತದೆ. ನಮ್ಮಲ್ಲಿ ಸೀಲರನ್ನು ಹತ್ತಿ ಪೊಟ್ಟಣದಲ್ಲಿ ತಿಕ್ಕುವ ರೂಢಿ ಜಾಸ್ತಿ. ಒಂದೇ ಮರಕ್ಕೆ ಅದು ಚೆನ್ನ. ಎರಡು ಬಣ್ಣದ ಮರಕ್ಕೆ ಮೊದಲ ಕೋಟು ಸ್ಪ್ರೇ ಮಾಡುವುದೇ ವಾಸಿ. ಸ್ಪ್ರೇ ಕರಗಿದ ಬಣ್ಣವನ್ನು ಎಲ್ಲಿಗೂ ಎಳೆದೊಯ್ಯುವುದಿಲ್ಲ, ಬಿದ್ದಲ್ಲೇ ಒಣಗುತ್ತದೆ. ತೆಳುವಾಗಿ, ಮಂಜು ಹನಿಸಿದ ಹಾಗೆ ಎರಡು ಸಲ. ಅದು ಒಣಗಿದ ಮೇಲೆ ಬಣ್ಣಕ್ಕೆ ಬೀಗ ಬಿದ್ದಂತೆ.

ಸ್ಪ್ರೇ ಇಲ್ಲದಿದ್ದರೆ ಹತ್ತಿ ಪರೀಕ್ಷೆಯ ಚೀಟಿ ನೋಡಿ. ಬಣ್ಣ ಬರಿಸದ ದ್ರವದ ಪಾಲಿಶ್ ತೆಗೆದುಕೊಂಡು ಪಟ್ಟಿಯ ಉದ್ದಕ್ಕೆ, ಬಿಳಿಗೊಂದು ಬಟ್ಟೆ ಕಪ್ಪಿಗೊಂದು ಬಟ್ಟೆ. ಬರೀ ಎಣ್ಣೆ ಕೊಡುವ ಯೋಚನೆ ಇದ್ದರೆ ಮೊದಲೇ ಹೇಳಿಬಿಡುತ್ತೇನೆ: ಸೀಲರ್ ಕೊಟ್ಟ ಬಿಳಿ ಪಟ್ಟಿ ಎಣ್ಣೆ ಕುಡಿಯುವುದಿಲ್ಲ, ಹೊಳಪು ಬೇರೆ ಬೇರೆ ಕಾಣುತ್ತದೆ. ಹಾಗಿದ್ದರೆ ಸೀಲರ್ ಬಿಟ್ಟು, ಹಾಲೆಯಂಥ ಬಾಯಿ ಮುಚ್ಚಿದ ಮರ ಆರಿಸಿ, ಸ್ಕ್ರೇಪರ್‌ನಲ್ಲೇ ಮುಗಿಸಿ. ಕಾಫಿ ಟ್ರೇಗೆ ಮಾತ್ರ ಮೇಲೆ ಪಿಯು ಇರಲಿ. ಅರಗಿನ ಮೇಲೆ ಬಿಸಿ ಲೋಟ ಇಟ್ಟರೆ ಬಿಳಿ ಉಂಗುರ ಗ್ಯಾರಂಟಿ.

ಈಗಾಗಲೇ ಕಲೆ ಆಗಿದ್ದರೆ

ಪಾಲಿಶ್ ಬಿದ್ದಿಲ್ಲ, ಒಣ ಪುಡಿ ಮಾತ್ರ ಅಂದರೆ ಭಯ ಬೇಡ. ಹಳೆ ಟೂತ್ ಬ್ರಷ್‌ನಿಂದ ಎಳೆಯ ಉದ್ದಕ್ಕೆ ಕೆದಕಿ, ವ್ಯಾಕ್ಯೂಮ್ ಹಿಡಿದು, ಟೇಪ್ ಒತ್ತಿ ಕಿತ್ತು, ಸ್ಕ್ರೇಪರ್‌ನಲ್ಲಿ ಒಂದು ಪದರ ತೆಗೆಯಿರಿ. ಬಣ್ಣ ಇಳಿದಿದ್ದರೆ ಸ್ಪಿರಿಟ್‌ನಲ್ಲಿ ನೆನೆಸಿ ಹಿಂಡಿದ ಬಟ್ಟೆಯನ್ನು ಬೆರಳಿಗೆ ಸುತ್ತಿ, ಬಿಳಿ ಪಟ್ಟಿಯ ನಡುಗೆರೆಯಲ್ಲಿ ಉದ್ದಕ್ಕೆ ಒಂದೇ ಎಳೆತ. ಬಟ್ಟೆ ತಿರುಗಿಸಿ ಹೊಸ ಜಾಗದಲ್ಲಿ ಇನ್ನೊಂದು. ಬೀಟೆಗೆ ತಾಗಿಸಬೇಡಿ. ಸ್ವಲ್ಪ ತಿಳಿಯಾಗುತ್ತದೆ, ಪೂರ್ತಿ ಅಲ್ಲ. ಉಳಿದದ್ದನ್ನು ಒಣಗಿದ ಮೇಲೆ ಕೆರೆಯಬೇಕು. ಬ್ಲೀಚ್ ಹಾಕುವ ಆಸೆ ಬರುತ್ತದೆ, ನನಗೂ ಬಂದಿತ್ತು. ಅದು ಬೀಟೆಯನ್ನೂ ಬೆಳ್ಳಗೆ ಮಾಡಲು ಹೊರಡುತ್ತದೆ.

ನನ್ನ ಮೊದಲ ಟ್ರೇಯನ್ನು ಹೀಗೇ ಕೆರೆದೂ ಕೆರೆದೂ ಒಂದೂವರೆ ಮಿಲಿಮೀಟರ್ ತೆಗೆದೆ. ನಡುವಿನ ಮೂರು ಪಟ್ಟಿ ಬೆಳ್ಳಗಾದವು. ಅಂಚಿನ ಎರಡು ಇನ್ನೂ ನಸುಗೆಂಪಾಗಿಯೇ ಇವೆ. ಮನೆಗೆ ಬಂದವರು "ಇದ್ಯಾವ ಮರ, ಬಣ್ಣ ಚೆನ್ನಾಗಿದೆಯಲ್ಲ" ಅಂತ ಆ ಎರಡನ್ನೇ ಮುಟ್ಟಿ ಕೇಳುತ್ತಾರೆ.